ಪರ್ಚೇಸ್ ಸಾಹೇಬರು ಆರಿಸಿದ ಹೊಲಿಗೆ ಮಷಿನ್

ಪರ್ಚೇಸ್ ಸಾಹೇಬರಿಗೆ ಇದ್ದದ್ದು ಒಂದೇ ಒಂದು ಕೊರಗು. ಅವರು ಖರೀದಿ ಅಧಿಕಾರಿಯಾಗಿದ್ದ ಬೀಗದ ಕಾರ್ಖಾನೆಯಲ್ಲಿ ಅವರು ಹೂಂ ಎನ್ನದೆ ಒಂದು ಸ್ಪ್ರಿಂಗು, ಒಂದು ಹಿಡಿ ಸ್ಕ್ರೂ, ಒಂದು ರಟ್ಟಿನ ಪೆಟ್ಟಿಗೆ ಕೂಡ ಗೇಟು ದಾಟಿ ಒಳಗೆ ಬರುವಂತಿರಲಿಲ್ಲ. ಹಿತ್ತಾಳೆಯ ವ್ಯಾಪಾರಿಗಳು ಅವರ ಮೇಜಿನೆದುರು ಕುರ್ಚಿಯ ತುದಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಅಂಥ ಮನುಷ್ಯ ಸಂಜೆ ಮನೆಗೆ ಒಂದು ಪೊರಕೆ ಕೊಂಡುತಂದರೆ ಸಾಕು, ಅಲ್ಲಿ ವಿಚಾರಣೆ ಶುರುವಾಗುತ್ತಿತ್ತು. ಹಿಡಿ ಯಾಕೆ ಇಷ್ಟು ದಪ್ಪ, ಕಡ್ಡಿ ಯಾಕೆ ಉದುರುತ್ತಿದೆ, ಯಾವ ಪುಣ್ಯಾತ್ಮ ಇದನ್ನು ನಿಮ್ಮ ತಲೆಗೆ ಕಟ್ಟಿದ, ಇತ್ಯಾದಿ. ಊರಿಗೆಲ್ಲ ಖರೀದಿ ಕಲಿಸುವ ತನಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲವಲ್ಲ ಎಂದು ಸಾಹೇಬರು ಒಳಗೊಳಗೇ ಕುದಿಯುತ್ತಿದ್ದರು.

ಮನೆಯವರ ಸಂಶಯಕ್ಕೆ ಆಧಾರವೇ ಇರಲಿಲ್ಲ ಎಂದೂ ಹೇಳುವಂತಿಲ್ಲ. ಹಾಲ್‌ನಲ್ಲಿ ಆನೆಯ ಹಾಗೆ ನಿಂತಿದ್ದ ಉಕ್ಕಿನ ಬೀರುವನ್ನೇ ನೋಡಿ. ಅದನ್ನು ಕೊಳ್ಳುವ ಮೊದಲು ಸಾಹೇಬರು ಅದರ ಬೆನ್ನು ಬಡಿದಿದ್ದರು, ಕೀಲು ಮೂಸಿದ್ದರು, ಒಳಗೆ ಹೊಕ್ಕು ಬಾಗಿಲು ಹಾಕಿಸಿಕೊಂಡು ಗಾಳಿ ನುಸುಳುವುದಿಲ್ಲವೆಂದು ಖಾತ್ರಿಯನ್ನೂ ಮಾಡಿಕೊಂಡಿದ್ದರು (ಹೊರಗೆ ಬರುವಾಗ ಮುಖ ನೀಲಿಯಾಗಿತ್ತು ಎಂಬುದು ಬೇರೆ ಮಾತು). ಅಳೆಯದೆ ಉಳಿದದ್ದು ಒಂದೇ, ತಮ್ಮ ಮಲಗುವ ಕೋಣೆಯ ಬಾಗಿಲು. ಹೀಗಾಗಿ ಮನೆಮಂದಿಯ ಒಳಬಟ್ಟೆಗಳೆಲ್ಲ ಬಂದ ಅತಿಥಿಗಳ ಕಣ್ಣೆದುರೇ ಹೊರಬರಬೇಕಾದ ಪರಿಸ್ಥಿತಿ. ಇನ್ನು ಅವರು ತಂದ ಕೊಡೆ. ಎಂಥ ಬಿರುಗಾಳಿಗೂ ಮಗುಚದ ಕೊಡೆ, ಸುಳ್ಳಲ್ಲ. ಆದರೆ ಅದನ್ನು ಬಿಚ್ಚಲು ಇಬ್ಬರು ಗಟ್ಟಿಮುಟ್ಟಾದ ಆಳುಗಳು ಬೇಕು, ಅವರು ಬಿಚ್ಚಿ ಮುಗಿಸುವಷ್ಟರಲ್ಲಿ ಮಳೆ ನಿಂತಿರುತ್ತದೆ. ಗಡಿಯಾರವೂ ಇತ್ತು. ಅದು ಗಂಟೆ ಹೊಡೆದರೆ ಬೀದಿಯ ಮಕ್ಕಳೆಲ್ಲ ಚೀಲ ಏರಿಸಿಕೊಂಡು ಶಾಲೆಗೆ ಹೊರಟುಬಿಡುತ್ತಿದ್ದರು. ಈಗ ಅದು ಕಂಬಳಿ ಹೊದ್ದು ಮಂಚದ ಕೆಳಗೆ ವಿಶ್ರಾಂತಿ ಪಡೆಯುತ್ತಿದೆ. ಸಾಹೇಬರ ಹೆಂಡತಿ ಇವೆಲ್ಲವನ್ನೂ ಸೇರಿಸಿ 'ನಮ್ಮ ಯಜಮಾನರ ಮ್ಯೂಸಿಯಂ' ಎಂದು ಕರೆಯುತ್ತಿದ್ದಳು. ಬಂದವರಿಗೆ ಒಂದೊಂದನ್ನೂ ತೋರಿಸಿ ವಿವರಣೆಯನ್ನೂ ಕೊಡುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಆಕೆ ದರ್ಜಿಯ ಅಂಗಡಿಯಿಂದ ಮುಖ ಊದಿಸಿಕೊಂಡು ಬಂದಳು. ತಿಂಗಳುಗಟ್ಟಲೆ ಅಲೆದಾಡಿಸಿ ದರ್ಜಿ ಕೊನೆಗೂ ಕಿಟಕಿಯ ಪರದೆ ಹೊಲಿದುಕೊಟ್ಟಿದ್ದ. ಅದನ್ನು ಕಂಬಿಗೆ ಸಿಕ್ಕಿಸಿ ನೋಡಿದರೆ ಕಿಟಕಿಯ ಅರ್ಧಕ್ಕೇ ನಿಂತಿತ್ತು. ಕಿಟಕಿ ಚಡ್ಡಿ ಹಾಕಿಕೊಂಡಿದೆ ಎಂದು ಮಗಳು ನಕ್ಕಳು. ಹೆಂಡತಿ ನಗಲಿಲ್ಲ.

"ಸಾಕಾಯ್ತು ಇವನ ಸಹವಾಸ. ಒಂದು ಹೊಲಿಗೆ ಮಷಿನ್ ತಗೊಳ್ಳೋಣ. ನನಗೆ ಹೊಲಿಯೋಕೆ ಬರುತ್ತೆ, ನಾನೇ ಹೊಲ್ಕೊಳ್ತೀನಿ. ನಾಳೆ ಹೋಗಿ ಒಂದು ನೋಡ್ಕೊಂಡು ಬರ್ತೀನಿ" ಎಂದಳು.

ಮಷಿನ್ ಎಂಬ ಶಬ್ದ ಬಿದ್ದದ್ದೇ ತಡ, ಪೇಪರಿನ ಹಿಂದೆ ಅಡಗಿದ್ದ ಸಾಹೇಬರ ಕಿವಿ ನಿಮಿರಿತು. ಪೇಪರು ನಿಧಾನವಾಗಿ ಕೆಳಗಿಳಿಯಿತು.

"ಯಾರು ನೋಡ್ಕೊಂಡು ಬರೋದು?"

"ನಾನು."

"ನೀನು! ಮಷಿನ್ ಕೊಳ್ಳೋದು ಅಂದ್ರೆ ಟೊಮೇಟೊ ಒತ್ತಿ ನೋಡೋದು ಅಂದ್ಕೊಂಡ್ಯಾ? ಅದಕ್ಕೊಂದು ಶಾಸ್ತ್ರ ಇದೆ. ಮನೇಲೇ ಇಂಥ ಅನುಭವಸ್ಥ ಕೂತಿರುವಾಗ..."

"ಅನುಭವಸ್ಥರು ತಂದಿದ್ದೆಲ್ಲ ಮನೇಲೇ ಇದೆಯಲ್ಲ, ನೋಡ್ತಾನೇ ಇದೀನಿ" ಎಂದು ಹೆಂಡತಿ ಬೀರುವಿನ ಕಡೆ ಕಣ್ಣು ಹಾಯಿಸಿದಳು.

ಮಾತಿಗೆ ಮಾತು ಬೆಳೆಯಿತು. ಬೀರು ಬಂತು, ಕೊಡೆ ಬಂತು, ಮಂಚದ ಕೆಳಗಿನ ಗಡಿಯಾರವೂ ಎದ್ದುಬಂತು. ಕೊನೆಗೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತು ತೀರ್ಪು ಹೇಳಿದಳು.

"ಸರಿ, ನೀವೇ ಆರಿಸಿ. ಆದ್ರೆ ಇದೇ ಕೊನೆ ಪರೀಕ್ಷೆ. ಮಷಿನ್ ಸರಿಯಾಗಿದ್ರೆ, ಇನ್ನು ನೀವೇನು ತಂದ್ರೂ ನಾನು ತುಟಿ ಪಿಟಕ್ ಅನ್ನೋದಿಲ್ಲ. ಎಡವಟ್ಟಾಯ್ತೋ, ಈ ಮನೆಗೆ ಬೆಂಕಿಪೊಟ್ಟಣದಿಂದ ಹಿಡಿದು ಎಲ್ಲಾನೂ ಆರಿಸೋ ಅಧಿಕಾರ ನಂದು. ಒಪ್ಪಿಗೆನಾ?"

"ನೂರು ಸಲ ಒಪ್ಪಿಗೆ!" ಎಂದರು ಸಾಹೇಬರು. ಮಗಳು ಸಾಕ್ಷಿ. ಎದುರುಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬರುತ್ತಿದ್ದವರು ಗಲಾಟೆ ಕೇಳಿ ಬಾಗಿಲಲ್ಲೇ ನಿಂತಿದ್ದರಿಂದ ಅವರೂ ಸಾಕ್ಷಿಯಾದರು. ಅಧಿಕಾರ ಕಳೆದುಕೊಳ್ಳುವ ಭಯ ಸಾಹೇಬರಿಗೆ ಕೂದಲೆಳೆಯಷ್ಟೂ ಇರಲಿಲ್ಲ. ಬೀಗದ ಕಾರ್ಖಾನೆಗೆ ರಾಕ್ಷಸಾಕಾರದ ಯಂತ್ರಗಳನ್ನು ತರಿಸಿದವರಿಗೆ ಹೊಲಿಗೆ ಮಷಿನ್ ಯಾವ ಲೆಕ್ಕ?

"ಒಂದು ಮಾತು ಕೇಳಿ ಹಾಗಾದ್ರೆ" ಎಂದಳು ಹೆಂಡತಿ. "ನಾನು ಹೊಲಿಗೆ ಕಲ್ತಿದ್ದು ನಮ್ಮಮ್ಮನ..."

"ಉಹುಂ!" ಸಾಹೇಬರು ಟ್ರಾಫಿಕ್ ಪೊಲೀಸಿನವನ ಹಾಗೆ ಅಂಗೈ ಎತ್ತಿದರು. "ಬೇಡ. ಒಂದಕ್ಷರ ಹೇಳ್ಬೇಡ. ಬಳಸೋರು ಬಾಯಿ ಬಿಟ್ರೆ ಆಯ್ಕೆ ಕೆಟ್ಟಿತು ಅಂತಾನೇ ಲೆಕ್ಕ."

ಇದು ಸಾಹೇಬರ ಖರೀದಿಶಾಸ್ತ್ರದ ಮೂಲಸೂತ್ರ. ಕಾರ್ಖಾನೆಯಲ್ಲಿ ಹೊಸ ಯಂತ್ರ ಕೊಳ್ಳುವಾಗ ಅದನ್ನು ಓಡಿಸುವವರನ್ನು ಖರೀದಿ ಕೋಣೆಯ ಹತ್ತಿರಕ್ಕೂ ಬಿಡಬಾರದು. ಬಿಟ್ಟರೆ ಒಬ್ಬನಿಗೆ ಹಿಡಿಕೆ ಎಡಕ್ಕೆ ಬೇಕು, ಇನ್ನೊಬ್ಬನಿಗೆ ಕೂರಲು ಮೆತ್ತೆ ಬೇಕು, ಮತ್ತೊಬ್ಬನಿಗೆ ಹಸಿರು ಬಣ್ಣವೇ ಬೇಕು. ಆದ್ದರಿಂದ ಸಾಹೇಬರು ಒಬ್ಬರೇ ಹೋಗುತ್ತಿದ್ದರು, ಯಂತ್ರದ ಮುಂದೆ ತಾವೇ ಕೂತು, ತಾವೇ ಓಡಿಸಿ, ತಮಗೆ ತೃಪ್ತಿಯಾದರೆ ಮಾತ್ರ ಹೂಂ ಅನ್ನುತ್ತಿದ್ದರು. ಯಂತ್ರ ಬಂದ ಮೇಲೆ ಅದನ್ನು ಓಡಿಸುವವರ ಪಾಡು ಏನಾಯಿತು ಎಂದು ನೋಡಲು ಅವರು ಆ ಕಡೆ ಹೋಗುತ್ತಿರಲಿಲ್ಲ. ಅಲ್ಲಿ ಸದ್ದು ಜಾಸ್ತಿ.

ಹೆಂಡತಿಗೆ ಬೇಜಾರಾಯಿತು. ಆಕೆಯ ತಾಯಿಯ ಮನೆಯಲ್ಲಿ ಪುಟ್ಟದೊಂದು ಕೈಮಷಿನ್ ಇತ್ತು. ಅದನ್ನು ನೆಲದ ಮೇಲಿಟ್ಟು, ಮುಂದೆ ಕಾಲು ಮಡಚಿ ಕೂತು, ಬಲಗೈಯಲ್ಲಿ ಚಕ್ರ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ನಡೆಸುತ್ತ ಆಕೆ ಹುಡುಗಿಯಾಗಿದ್ದಾಗ ಮನೆಮಂದಿಗೆಲ್ಲ ಹೊಲಿದಿದ್ದಳು. ಈಗ ಅದು ತಮ್ಮನ ಪಾಲಾಗಿ, ಅವನ ಮನೆಯಲ್ಲಿ ಹೂಕುಂಡ ಇಡುವ ಪೀಠವಾಗಿದೆ. ಅಂಥದ್ದೇ ಒಂದು ಸಾಕು ಎಂದಷ್ಟೇ ಹೇಳಬೇಕೆಂದಿದ್ದಳು. ಹೇಳಲು ಬಿಡಲಿಲ್ಲ. "ಏನಾದ್ರೂ ಮಾಡ್ಕೊಳ್ಳಿ" ಎಂದು ಒಳಗೆ ಹೋದಳು.

ಮರುದಿನ ಸಂಜೆ ಸಾಹೇಬರು ಹೊಲಿಗೆ ಮಷಿನ್ ಅಂಗಡಿಯ ಮೆಟ್ಟಿಲು ಹತ್ತಿದರು. ಅಂಗಡಿಯ ಯಜಮಾನರು ದುಂಡಗೆ, ಶಾಂತವಾಗಿ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ಕೂತಿದ್ದರು.

"ಮಷಿನ್ ಯಾರಿಗೆ ಸಾರ್?"

"ಮನೆಗೆ."

"ಸಂತೋಷ. ಮನೆಯವ್ರನ್ನ ಕರ್ಕೊಂಡು ಬನ್ನಿ, ಕೂತು ನೋಡ್ಲಿ."

"ಅವ್ರು ಹೊಲಿಯೋರು. ಕೊಳ್ಳೋನು ನಾನು" ಎಂದರು ಸಾಹೇಬರು. ಯಜಮಾನರಿಗೆ ಇದರ ತಲೆಬುಡ ತಿಳಿಯಲಿಲ್ಲ. ಆದರೂ ಗಿರಾಕಿ ಗಿರಾಕಿಯೇ. ಮೊದಲು ಒಂದು ಕೈಮಷಿನ್ ಎತ್ತಿ ತಂದಿಟ್ಟರು. ಸಾಹೇಬರು ಅದನ್ನು ಒಂದು ಬೆರಳಲ್ಲಿ ತಟ್ಟಿದರು.

"ಇದೇನು, ಮಕ್ಕಳ ಆಟದ್ದಾ?"

"ಹಾಗಲ್ಲ ಸಾರ್, ಮನೆ ಬಳಕೆಗೆ ತುಂಬ ಜನ ಇದನ್ನೇ..."

"ಒಂದು ಕೈ ಚಕ್ರ ತಿರುಗಿಸ್ತಾ ಕೂತರೆ ಹೊಲಿಗೆಗೆ ಉಳಿಯೋದು ಒಂದೇ ಕೈ. ಅಂದ್ರೆ ಅರ್ಧ ಆಳಿನ ಕೆಲಸ. ನಮ್ಮ ಕಾರ್ಖಾನೇಲಿ ಅರ್ಧ ಆಳನ್ನ ಇಟ್ಕೊಳ್ಳೋ ಪದ್ಧತಿ ಇಲ್ಲ. ಮುಂದಿಂದು."

ಕರೆಂಟಿನ ಮಷಿನ್ ತೋರಿಸಿದರು. ಕರೆಂಟು ಹೋದರೆ ಏನು ಮಾಡುವುದು ಎಂಬ ಒಂದೇ ಪ್ರಶ್ನೆಯಲ್ಲಿ ಸಾಹೇಬರು ಅದನ್ನು ಮಲಗಿಸಿದರು. ಉಳಿದದ್ದು ಕಾಲಿನ ಮಷಿನ್. ಕೆಳಗೆ ಕಬ್ಬಿಣದ ಪೆಡಲು, ಪಕ್ಕದಲ್ಲಿ ದೊಡ್ಡ ಚಕ್ರ, ಮೇಲೆ ಮರದ ಹಲಗೆ, ಹಲಗೆಯ ಮೇಲೆ ಕರ್ರಗೆ ಹೊಳೆಯುವ ಮಷಿನ್. ನೋಡಿದ ಕೂಡಲೇ ಸಾಹೇಬರಿಗೆ ಕಾರ್ಖಾನೆಯ ನೆನಪಾಗಿ ಎದೆ ತುಂಬಿಬಂತು. ತಾವೇ ಸ್ಟೂಲಿನ ಮೇಲೆ ಕೂತರು.

ಕೂತರು ಎಂದರೆ ಸುಲಭವಾಗಿ ಅಲ್ಲ. ಸಾಹೇಬರು ಬಲು ಎತ್ತರದ ಆಳು. ಆ ಎತ್ತರದಲ್ಲಿ ಮುಕ್ಕಾಲು ಪಾಲು ಕಾಲುಗಳದ್ದೇ. ಆ ಕಾಲುಗಳನ್ನು ಮಡಚಿ ಹಲಗೆಯ ಕೆಳಗೆ ತುರುಕಿದಾಗ ಮೊಣಕಾಲು ಡ್ರಾಯರಿಗೆ ಬಡಿಯಿತು. ಪೆಡಲು ಒತ್ತಿದರು. ಚಕ್ರ ಹಿಂದಕ್ಕೆ ತಿರುಗಿತು, ದಾರ ಫಟ್ಟೆಂದು ತುಂಡಾಯಿತು, ಹಲಗೆಯ ಮೇಲಿದ್ದ ಯಜಮಾನರ ಚಹಾದ ಲೋಟ ಮಗುಚಿಬಿತ್ತು.

"ದೋಷ ಇದೆ" ಎಂದರು ಸಾಹೇಬರು, ಮೊಣಕಾಲು ಉಜ್ಜಿಕೊಳ್ಳುತ್ತ.

"ದೋಷ ಅಲ್ಲ ಸಾರ್, ಅಭ್ಯಾಸ ಬೇಕು. ಮೊದ್ಲು ಕೈಯಲ್ಲಿ ಚಕ್ರ ಮುಂದಕ್ಕೆ ತಿರುವಿ, ಆಮೇಲೆ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು..."

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ತಾನೇ ಓಡಿಸಿ ನೋಡದ ಯಂತ್ರವನ್ನು ಕೊಂಡರೆ ಸಾಹೇಬರ ಶಾಸ್ತ್ರಕ್ಕೇ ಅಪಚಾರ. ಓಡಿಸಲು ಬರದಿದ್ದರೆ ಕಲಿತು ಓಡಿಸಬೇಕು, ಅಷ್ಟೇ ತಾನೇ? ಅಂದಿನಿಂದ ಕಾರ್ಖಾನೆ ಬಿಟ್ಟ ಕೂಡಲೇ ಸಾಹೇಬರ ಸವಾರಿ ನೇರವಾಗಿ ಅಂಗಡಿಗೆ. ಸೂಜಿಗೆ ದಾರ ಪೋಣಿಸಲು ಕಲಿತರು. ಅಡಿದಾರದ ಬಾಬಿನ್ ಸುತ್ತಲು ಕಲಿತರು. ದಾರದ ಬಿಗಿ ಹೆಚ್ಚಾದರೆ ಬಟ್ಟೆ ಮುದುಡುತ್ತದೆ, ಕಡಿಮೆಯಾದರೆ ಹೊಲಿಗೆ ಜೋಲುತ್ತದೆ ಎಂಬ ಸೂಕ್ಷ್ಮವನ್ನೂ ಅರಗಿಸಿಕೊಂಡರು. ಅಂಗಡಿಯ ಚಿಂದಿ ಬಟ್ಟೆಯ ಮೇಲೆ ಪರೀಕ್ಷೆ ಮಾಡುವುದು ಅವರಿಗೆ ಸರಿಕಾಣಲಿಲ್ಲ. ಪರೀಕ್ಷೆ ಎಂದರೆ ನಿಜವಾದ ಪರಿಸ್ಥಿತಿಯಲ್ಲೇ ನಡೆಯಬೇಕು. ಹಾಗಾಗಿ ಮನೆಯಿಂದಲೇ ಬಟ್ಟೆ ಕೊಂಡೊಯ್ಯತೊಡಗಿದರು.

"ಹರಿದದ್ದು ಏನಾದ್ರೂ ಇದ್ರೆ ಕೊಡು" ಎಂದು ಬೆಳಿಗ್ಗೆ ಹೆಂಡತಿಯ ಮುಂದೆ ಚೀಲ ಹಿಡಿದು ನಿಲ್ಲುತ್ತಿದ್ದರು. ಆಕೆ ದಿಂಬಿನ ಕವರು ಕೊಟ್ಟಳು, ಸಂಜೆ ಹೊಲಿಗೆಯಾಗಿ ವಾಪಸ್ಸು ಬಂತು. ಮಗಳ ಜೇಬು ಕಿತ್ತ ಅಂಗಿ ಕೊಟ್ಟಳು, ಜೇಬು ಕೂತು ಬಂತು. ಮೊದಮೊದಲು ಹೊಲಿಗೆ ಕುಡುಕನ ನಡಿಗೆಯ ಹಾಗೆ ಅತ್ತಿತ್ತ ಓಲಾಡುತ್ತಿತ್ತು. ಬರಬರುತ್ತ ನೆಟ್ಟಗಾಯಿತು.

"ಅಪ್ಪ ಟ್ಯೂಷನ್‌ಗೆ ಹೋಗ್ತಿದ್ದಾರೆ ಅಮ್ಮ" ಎಂದಳು ಮಗಳು.

"ಸುಮ್ನಿರೇ. ನಿಮ್ಮಪ್ಪ ಪರೀಕ್ಷೆ ಮಾಡ್ತಿದ್ದಾರೆ" ಎಂದಳು ತಾಯಿ. ಆಕೆಯ ತುಟಿಯ ಕೊನೆಯಲ್ಲಿ ನಗು ಇತ್ತೋ ಇಲ್ಲವೋ, ಸಾಹೇಬರು ಗಮನಿಸಲಿಲ್ಲ. ಅವರ ತಲೆಯಲ್ಲಿ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಓಡುತ್ತಿತ್ತು.

ಅಂಗಡಿಯ ಯಜಮಾನರಿಗೆ ಆರಂಭದಲ್ಲಿ ತಲೆ ಚಿಟ್ಟು ಹಿಡಿದದ್ದು ನಿಜ. ಆಮೇಲೆ ಅವರೂ ಬುದ್ಧಿ ಉಪಯೋಗಿಸಿದರು. ಸಾಹೇಬರನ್ನು ಬೀದಿಗೆ ಕಾಣುವ ಹಾಗೆ ಕಿಟಕಿಯ ಪಕ್ಕ ಕೂರಿಸಿ, ಬಂದ ಗಿರಾಕಿಗಳಿಗೆಲ್ಲ ತೋರಿಸತೊಡಗಿದರು. "ನೋಡಿ, ಹೋದ ವಾರ ಇವ್ರಿಗೆ ಸೂಜಿ ಯಾವ್ದು, ಸ್ಕ್ರೂ ಯಾವ್ದು ಗೊತ್ತಿರ್ಲಿಲ್ಲ. ಇವ್ರೇ ಕಲ್ತರು ಅಂದ್ಮೇಲೆ ನಿಮಗೇನು ಕಷ್ಟ?" ಗಿರಾಕಿಗಳು ತಲೆದೂಗಿ ಮಷಿನ್ ಕೊಂಡುಹೋಗುತ್ತಿದ್ದರು. ಒಮ್ಮೆ ಒಬ್ಬಾಕೆ ನೇರವಾಗಿ ಸಾಹೇಬರ ಬಳಿ ಬಂದು, ಮಗನ ಪ್ಯಾಂಟು ಕೊಟ್ಟು, "ಸ್ವಲ್ಪ ಗಿಡ್ಡ ಮಾಡ್ಕೊಡಿ, ನಾನು ತರಕಾರಿ ತಗೊಂಡು ಬರ್ತೀನಿ" ಎಂದು ಹೊರಟೇಹೋದಳು. ನಾನು ಇಂಥ ಕಾರ್ಖಾನೆಯ ಇಂಥ ಅಧಿಕಾರಿ ಎಂದು ಹೇಳಲು ಸಾಹೇಬರು ಬಾಯಿ ತೆರೆದರು. ಅಷ್ಟರಲ್ಲಿ ಪ್ಯಾಂಟಿನ ಬಟ್ಟೆ ಒಳ್ಳೆಯ ದಪ್ಪ ಇರುವುದು ಕಣ್ಣಿಗೆ ಬಿತ್ತು. ದಪ್ಪ ಬಟ್ಟೆಯ ಪರೀಕ್ಷೆ ಇನ್ನೂ ಆಗಿರಲಿಲ್ಲ. ಸುಮ್ಮನೆ ಹೊಲಿದುಕೊಟ್ಟರು.

ಇಷ್ಟೆಲ್ಲ ಆದರೂ ಮೊಣಕಾಲಿನ ಸಮಸ್ಯೆ ಮಾತ್ರ ತೀರಲಿಲ್ಲ. ಯಾವ ಮಷಿನ್ ಮುಂದೆ ಕೂತರೂ ಡ್ರಾಯರು ಬಡಿಯುತ್ತಿತ್ತು, ಬೆನ್ನು ಬಾಗುತ್ತಿತ್ತು. ಒಂದಾದ ಮೇಲೊಂದರಂತೆ ಅಂಗಡಿಯ ಕಾಲಿನ ಮಷಿನ್‌ಗಳನ್ನೆಲ್ಲ ಸಾಹೇಬರು ಫೇಲು ಮಾಡಿದರು. ಕೊನೆಗೆ ಯಜಮಾನರು ನಿಟ್ಟುಸಿರು ಬಿಟ್ಟು, ಹಿಂದಿನ ಗೋದಾಮಿನಿಂದ ಧೂಳು ಹಿಡಿದ ಒಂದು ಮಷಿನ್ ಹೊರಗೆ ತಂದರು. ಯಾವನೋ ಆರಡಿ ಮೀರಿದ ದರ್ಜಿ ತನ್ನ ಅಳತೆಗೆಂದು ಎತ್ತರದ ಸ್ಟ್ಯಾಂಡು ಮಾಡಿಸಿ, ಆಮೇಲೆ ಊರು ಬಿಟ್ಟು ಹೋಗಿದ್ದನಂತೆ.

ಸಾಹೇಬರು ಕೂತರು. ಕಾಲು ಸರಾಗವಾಗಿ ಒಳಗೆ ಹೋಯಿತು. ಬೆನ್ನು ನೆಟ್ಟಗೆ ನಿಂತಿತು. ಪೆಡಲು ಒತ್ತಿದರು, ಹೊಲಿಗೆ ಬೆಣ್ಣೆಯಲ್ಲಿ ಎಳೆದ ಗೆರೆಯ ಹಾಗೆ ಓಡಿತು.

"ಇದು! ಇದು ಮಷಿನ್ ಅಂದ್ರೆ! ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ರಿ?"

"ಆದ್ರೆ ಸಾರ್, ಮನೆಯವ್ರಿಗೆ ಇದು..."

"ಪ್ಯಾಕ್ ಮಾಡಿ" ಎಂದರು ಸಾಹೇಬರು.

ಈ ಸಲ ಅವರು ಮೈಯೆಲ್ಲ ಕಣ್ಣಾಗಿದ್ದರು. ಮನೆಯ ಮುಂಬಾಗಿಲು, ನಡುಬಾಗಿಲು, ಮೂಲೆ, ತಿರುವು, ಕಿಟಕಿಯ ಬಳಿಯ ಜಾಗ ಎಲ್ಲವನ್ನೂ ಟೇಪು ಹಿಡಿದು ಅಳೆದಿದ್ದರು. ಬೀರುವಿನ ಅವಮಾನ ಮತ್ತೆ ಆಗಕೂಡದು. ಭಾನುವಾರ ಬೆಳಿಗ್ಗೆ ಮಷಿನ್ ಬಂತು, ಎಲ್ಲೂ ತಾಗದೆ, ಎಲ್ಲೂ ಸಿಕ್ಕಿಕೊಳ್ಳದೆ ಒಳಗೆ ಹೋಗಿ ಕಿಟಕಿಯ ಕೆಳಗೆ ಕೂತಿತು. ನರ್ಸಮ್ಮನನ್ನು ಸಾಹೇಬರೇ ಹೋಗಿ ಕರೆದುಕೊಂಡು ಬಂದರು. ಗೆಲುವಿಗೆ ಪ್ರೇಕ್ಷಕರಿಲ್ಲದಿದ್ದರೆ ಹೇಗೆ?

ಎಲ್ಲರೂ ಸೇರಿದ ಮೇಲೆ ಸಾಹೇಬರು ಮಷಿನ್ ಮೇಲೆ ಕೈಯಿಟ್ಟು ಚಿಕ್ಕದೊಂದು ಭಾಷಣ ಮಾಡಿದರು. ಅದರ ಉಕ್ಕು, ಅದರ ಬೆಲ್ಟು, ಅದರ ಸದ್ದು, ತಮ್ಮ ತಪಸ್ಸು ಎಲ್ಲವೂ ಅದರಲ್ಲಿ ಬಂತು. ಆಮೇಲೆ ಸ್ಟೂಲು ಎಳೆದು, ಸಿಂಹಾಸನ ತೋರಿಸುವ ಮಂತ್ರಿಯ ಹಾಗೆ ಬಾಗಿ ಹೆಂಡತಿಗೆ ಹೇಳಿದರು: "ಬಾ, ಕೂತ್ಕೋ. ಓಡಿಸು."

ಹೆಂಡತಿ ಕೂತಳು. ಆಕೆಯ ಎತ್ತರ ಸಾಹೇಬರ ಎದೆಯ ಗುಂಡಿಯವರೆಗೆ. ಸ್ಟೂಲಿನ ಮೇಲೆ ಕೂತರೆ ಪಾದ ಪೆಡಲಿಗೆ ತಗಲದೆ ಗಾಳಿಯಲ್ಲಿ ತೂಗುತ್ತಿತ್ತು. ಪಾದ ತಾಗಿಸಲೆಂದು ಮುಂದಕ್ಕೆ ಜಾರಿದರೆ ಗಲ್ಲ ಹಲಗೆಯ ಮಟ್ಟಕ್ಕೆ ಇಳಿದು ಮೂಗು ಸೂಜಿಯ ಮುಂದೆ ಬರುತ್ತಿತ್ತು.

"ಇನ್ನೂ ಸ್ವಲ್ಪ ಕೆಳಗಿಳಿದ್ರೆ ನನ್ನ ಮೂಗನ್ನೇ ಹೊಲಿಯುತ್ತೆ" ಎಂದಳು.

"ಸ್ಟೂಲು ಬದಲಾಯಿಸಿದ್ರೆ ಸರಿಹೋಗುತ್ತೆ" ಎಂದರು ಸಾಹೇಬರು. ಕುರ್ಚಿ ಬಂತು, ಕಾಲು ಇನ್ನೂ ಮೇಲಕ್ಕೆ ಹೋಯಿತು. ಮಣೆ ಬಂತು, ಹೆಂಡತಿಯೇ ಕಾಣದಾದಳು. ಹಲಗೆಯ ಆಚೆಯಿಂದ ಬರೀ ಧ್ವನಿ ಬಂತು. ಪೆಡಲಿನ ಮೇಲೆ ಮರದ ತುಂಡು ಕಟ್ಟಿ ನೋಡಿದರು. ಆಕೆ ಧೈರ್ಯ ಮಾಡಿ ಒಂದು ಸಲ ಒತ್ತಿದಳು. ಮರದ ತುಂಡು ಹಾರಿ ನರ್ಸಮ್ಮನ ಕಾಲಬುಡಕ್ಕೆ ಬಿತ್ತು, ಚಕ್ರ ಹಿಂದಕ್ಕೆ ತಿರುಗಿತು, ದಾರ ಫಟ್ಟೆಂದಿತು.

"ಕಾಲು ಕತ್ತರಿಸ್ಬಿಟ್ರೆ?" ಎಂದು ಮಗಳು ಸಲಹೆ ಕೊಟ್ಟಳು.

"ಯಾರ್ದು?" ಎಂದರು ನರ್ಸಮ್ಮ ಗಾಬರಿಯಿಂದ.

"ಮಷಿನ್‌ದು!"

"ಮುಟ್ಟಿದ್ರೆ ನೋಡು!" ಎಂದು ಸಾಹೇಬರು ಮಷಿನ್‌ಗೆ ಅಡ್ಡ ನಿಂತರು. ಸ್ಟ್ಯಾಂಡು ಎರಕದ ಕಬ್ಬಿಣದ್ದು. ಕತ್ತರಿಸಿದರೆ ಚಕ್ರ ನೆಲಕ್ಕೆ ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಅವರ ಹೃದಯಕ್ಕೆ ತಾಗುತ್ತದೆ.

ಹೆಂಡತಿ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟಳು. "ಒಪ್ಕೊಳ್ಳಿ ಮತ್ತೆ. ಮಷಿನ್ ಸರಿಯಿಲ್ಲ."

ಸಾಹೇಬರು ಇಕ್ಕಟ್ಟಿಗೆ ಸಿಕ್ಕಿಬಿದ್ದರು. ಸರಿಯಿಲ್ಲ ಎಂದರೆ ಅಧಿಕಾರ ಆ ಕ್ಷಣಕ್ಕೇ ಕೈಬಿಟ್ಟಿತು. ಇನ್ನು ಬೆಂಕಿಪೊಟ್ಟಣಕ್ಕೂ ಗತಿಯಿಲ್ಲ. ಜೊತೆಗೆ ಅದು ಸುಳ್ಳು ಕೂಡ. ಮಷಿನ್ ಚಿನ್ನದಂಥದ್ದು. ಅದನ್ನು ಸರಿಯಿಲ್ಲ ಎನ್ನಲು ಅವರ ನಾಲಗೆ ಹೊರಳಲಿಲ್ಲ.

"ಮಷಿನ್‌ನಲ್ಲಿ ಒಂದೇ ಒಂದು ದೋಷ ತೋರ್ಸು ನೋಡೋಣ!" ಎಂದರು.

"ಹೊಲಿಯೋಕೇ ಆಗ್ತಿಲ್ವಲ್ಲ, ಅದಕ್ಕಿಂತ ದೋಷ ಬೇಕಾ?"

"ಯಾರು ಹೇಳಿದ್ದು ಆಗಲ್ಲ ಅಂತ? ಸರಿ ಆ ಕಡೆ!"

ಸಾಹೇಬರು ಅಂಗಿಯ ತೋಳು ಮಡಚಿ ಕೂತರು. ಆ ಅರ್ಧಕ್ಕೇ ನಿಂತಿದ್ದ ಪರದೆಗೆ ಕೆಳಗೊಂದು ಪಟ್ಟಿ ಸೇರಿಸಿ ಕೈಯಾಡಿಸಿದರು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಮಷಿನ್ ಗುನುಗತೊಡಗಿತು. ಪರದೆ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಹೊಸ ಜನ್ಮ ಪಡೆದು ಬಂತು. ಕಿಟಕಿಗೆ ಸಿಕ್ಕಿಸಿದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ನರ್ಸಮ್ಮ ಚಪ್ಪಾಳೆ ತಟ್ಟಿಯೇಬಿಟ್ಟರು.

ಹೆಂಡತಿ ಹತ್ತಿರ ಹೋಗಿ ಹೊಲಿಗೆಯ ಮೇಲೆ ಬೆರಳು ಎಳೆದು ನೋಡಿದಳು. ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಹೊಲಿಗೆ ಬಲ್ಲವಳಾದ್ದರಿಂದ ಸುಳ್ಳು ಹೇಳಲಾಗಲಿಲ್ಲ.

"ನಿಜ ರೀ. ಮಷಿನ್ ತುಂಬಾ ಸರಿಯಾಗಿದೆ. ಸೋತೆ ನಾನು" ಎಂದಳು.

ಆ ಮಾತಿಗಾಗಿ ಸಾಹೇಬರು ಮದುವೆಯಾದಂದಿನಿಂದ ಕಾದಿದ್ದರು. ನರ್ಸಮ್ಮನ ಕಡೆ ತಿರುಗಿ, "ಕೇಳಿಸ್ಕೊಂಡ್ರಲ್ಲ?" ಎಂದು ಇನ್ನೊಮ್ಮೆ ಹೇಳಿಸಿದರು. ಮಗಳಿಂದ ಕೈ ಕುಲುಕಿಸಿಕೊಂಡರು. ಮೀಸೆಯಿದ್ದಿದ್ದರೆ ತಿರುವುತ್ತಿದ್ದರು.

ಆ ಸಂಭ್ರಮ ಮುಗಿಯುವ ಮೊದಲೇ ಹೆಂಡತಿ ಒಳಗಿನಿಂದ ಮಿಕ್ಕ ಕಿಟಕಿಗಳ ಪರದೆ ಬಟ್ಟೆಯನ್ನು ತಂದು ಅವರ ಮಡಿಲಿಗೆ ಹಾಕಿದಳು.

"ಇದೇನು?"

"ಮಷಿನ್ ಸರಿಯಾಗಿದೆ ಅಂತ ಒಪ್ಕೊಂಡ್ನಲ್ಲ. ಸರಿಯಾದ ಮಷಿನ್‌ನ ಸುಮ್ನೆ ಇಟ್ರೆ ತುಕ್ಕು ಹಿಡಿಯುತ್ತೆ. ನನ್ನ ಕಾಲಂತೂ ಎಟಕೋದಿಲ್ಲ."

ಪರದೆಗಳಾದವು. ಹಾಸಿಗೆಯ ಹೊದಿಕೆಗಳಾದವು. ಮ್ಯೂಸಿಯಂ ನೋಡಲು ಬರುತ್ತಿದ್ದವರಿಗೆ ಈಗ ಕಿಟಕಿಯ ಕೆಳಗೆ ಜೀವಂತ ವಸ್ತುವೊಂದು ನೋಡಲು ಸಿಗುತ್ತಿತ್ತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಕೆಲವೊಮ್ಮೆ ಸಾಹೇಬರು, "ಇವತ್ತು ಬೇಡ ಕಣೆ, ಬೆನ್ನು ನೋಯ್ತಿದೆ" ಎಂದು ಗೊಣಗುತ್ತಿದ್ದರು. ಹೆಂಡತಿ ಥಟ್ಟನೆ ತಿರುಗುತ್ತಿದ್ದಳು. "ಬೆನ್ನು ನೋವಾ? ಹಾಗಾದ್ರೆ ಮಷಿನ್‌ನಲ್ಲಿ ಏನೋ ದೋಷ ಇರ್ಬೇಕು. ನರ್ಸಮ್ಮನ್ನ ಕರೀಲಾ?" ಸಾಹೇಬರು ಬೆನ್ನು ನೆಟ್ಟಗೆ ಮಾಡಿಕೊಂಡು, "ದೋಷ ಎಂಥದ್ದು? ಸೊಗಸಾಗಿದೆ!" ಎನ್ನುತ್ತ ಪೆಡಲಿಗೆ ಕಾಲಿಡುತ್ತಿದ್ದರು. ಒಮ್ಮೆ ಕಣ್ಣು ಉರಿಯುತ್ತಿದೆ ಎಂದು ಹೇಳಿ ನೋಡಿದರು. ಅದಕ್ಕೂ ಇದೇ ಮದ್ದು ಸಿಕ್ಕಿತು.

ಒಂದು ವಿಷಯ ಮಾತ್ರ ಒಪ್ಪಲೇಬೇಕು. ಸಾಹೇಬರ ಕೈ ಕುದುರಿಬಿಟ್ಟಿತ್ತು. ನರ್ಸಮ್ಮನ ಸಮವಸ್ತ್ರಕ್ಕೆ ಅವರು ಕೂರಿಸಿಕೊಟ್ಟ ಕಾಲರು ನೋಡಿ ಆಸ್ಪತ್ರೆಯ ಉಳಿದ ನರ್ಸುಗಳೂ ವಿಳಾಸ ಕೇಳಿಕೊಂಡು ಬಂದರು. ಆ ದರ್ಜಿಯ ಹಾಗೆ ಸಾಹೇಬರು ಯಾರನ್ನೂ ಅಲೆದಾಡಿಸುತ್ತಿರಲಿಲ್ಲ. ಕಾರ್ಖಾನೆಯ ಶಿಸ್ತು, ಹೇಳಿದ ದಿನಕ್ಕೆ ಬಟ್ಟೆ ಸಿದ್ಧ. ಹೆಂಡತಿ ಪಕ್ಕದಲ್ಲಿ ಆರಾಮಕುರ್ಚಿ ಹಾಕಿಕೊಂಡು, ಚಹಾ ಕುಡಿಯುತ್ತ, ಮುಗಿದ ಬಟ್ಟೆಗಳನ್ನು ತಪಾಸಣೆ ಮಾಡುತ್ತಿದ್ದಳು. "ಈ ತೋಳು ಸ್ವಲ್ಪ ಸೊಟ್ಟ. ಬಿಚ್ಚಿ ಮತ್ತೆ ಹೊಲೀರಿ" ಎನ್ನುವಾಗ ಆಕೆಯ ದನಿ ಹಿತ್ತಾಳೆಯ ವ್ಯಾಪಾರಿಗಳೊಂದಿಗೆ ಮಾತಾಡುವ ಸಾಹೇಬರದ್ದೇ ದನಿ. ಹೊರಗಿನಿಂದ ನೋಡಿದವರು ಇದನ್ನು ಸೋಲು ಎನ್ನಬಹುದು. ಸಾಹೇಬರ ದೃಷ್ಟಿಯಲ್ಲಿ ಅವರು ಪಂದ್ಯ ಗೆದ್ದಿದ್ದರು, ಖರೀದಿಯ ಅಧಿಕಾರ ಅವರ ಕಿಸೆಯಲ್ಲೇ ಭದ್ರವಾಗಿತ್ತು. ಅದನ್ನು ಉಪಯೋಗಿಸಲು ಪುರುಸೊತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಒಂದು ರಜೆಯ ಮಧ್ಯಾಹ್ನ ಸಾಹೇಬರು ನರ್ಸಮ್ಮನ ಇನ್ನೊಂದು ಅಂಗಿಗೆ ತೋಳು ಕೂರಿಸುತ್ತಿದ್ದರು. ಅಳತೆ ಕೊಡಲು ಬಂದ ನರ್ಸಮ್ಮ ಎದುರಿಗೇ ಕೂತಿದ್ದರು. ಹೆಂಡತಿ ಬಚ್ಚಲಿನಿಂದ ಸೋಪಿನ ಕೈ ಒರೆಸಿಕೊಳ್ಳುತ್ತ ಬಂದಳು.

"ರೀ, ಬಟ್ಟೆ ಒಗೆಯೋ ಮಷಿನ್ ಒಂದು ತಗೋಬೇಕು. ಮಾತು ಕೊಟ್ಟಿದೀನಿ, ನಾನು ತುಟಿ ಪಿಟಕ್ ಅನ್ನೋದಿಲ್ಲ. ಅಂಗಡಿಗೆ ನೀವೇ ಹೋಗಿ, ನೀವೇ ಓಡಿಸಿ, ನೀವೇ ಆರಿಸಿ."

ಸಾಹೇಬರ ಮುಖ ಅರಳಿತು. "ನಾನೇ..." ಎಂದು ಶುರುಮಾಡಿದರು.

"ಮನೆ ಬಟ್ಟೆನೆಲ್ಲ ಚೀಲಕ್ಕೆ ತುಂಬಿ ಕೊಡ್ತೀನಿ. ಹೋದ ಸಲದ ಹಾಗೆ ಪರೀಕ್ಷೆ ಮಾಡಿ, ಚೆನ್ನಾಗಿ ಕಲ್ತುಕೊಂಡು ಬನ್ನಿ."

ಪೆಡಲಿನ ಮೇಲೆ ಕಾಲು ನಿಂತುಹೋಯಿತು. ಬಚ್ಚಲಿನ ಬಾಗಿಲು ಸಾಹೇಬರಿಗೆ ಎದುರಿಗೇ ಕಾಣುತ್ತಿತ್ತು. ಬಾಗಿಲಾಚೆ ಬಕೆಟ್ಟು, ಬಕೆಟ್ಟಿನ ತುಂಬ ಬಟ್ಟೆ.

"ಅಲ್ವೇ, ಈ ಸಲ... ಈ ಸಲ ನೀನೇ ಯಾಕೆ ಆರಿಸ್ಬಾರ್ದು?" ಎಂದರು.

"ನಾನಾ? ನನಗೇನು ಗೊತ್ತಾಗುತ್ತೆ? ಅದಕ್ಕೊಂದು ಶಾಸ್ತ್ರ ಇದೆಯಂತಲ್ಲ."

"ಶಾಸ್ತ್ರ ಎಂಥದ್ದು ಮಣ್ಣು! ದಿನಾ ಒಗೆಯೋಳು ನೀನು. ನಿನಗೆ ಹೇಗೆ ಅನುಕೂಲವೋ ಹಾಗೆ ನೋಡ್ಕೊಂಡು ಬಾ."

"ಆಗ್ಲಿ. ಹೊಸ ಒಲೆ ಮಾತ್ರ ನೀವೇ..."

"ಒಲೆನೂ ನೀನೇ!"

"ನೆಲ ಒರೆಸೋ ಮಷಿನ್ ಅಂತ ಹೊಸದು ಬಂದಿದೆಯಂತೆ, ಅದಾದ್ರೂ..."

"ಅದೂ ನೀನೇ, ಎಲ್ಲಾನೂ ನೀನೇ!" ಸಾಹೇಬರು ಎರಡೂ ಕೈ ಜೋಡಿಸಿದರು. "ಈ ಮನೆಗೆ ಏನೇ ಬರ್ಲಿ, ಆರಿಸೋ ಅಧಿಕಾರ ಪೂರ್ತಿ ನಿಂದು. ನನ್ನನ್ನ ಒಂದು ಮಾತೂ ಕೇಳ್ಬೇಡ."

ಹೆಂಡತಿ ನರ್ಸಮ್ಮನ ಕಡೆ ನೋಡಿದಳು. ನರ್ಸಮ್ಮ ಕೇಳಿಸಿಕೊಂಡೆ ಎಂದು ತಲೆಯಾಡಿಸಿದರು. ಹೆಂಡತಿ ನೀಟಾಗಿ ತಲೆ ಬಾಚಿಕೊಂಡು, ಪರ್ಸು ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟಳು.

"ನಾನು ಬರೋದು ಸಂಜೆಯಾಗುತ್ತೆ. ಅಷ್ಟರಲ್ಲಿ ಎರಡೂ ತೋಳು ಮುಗಿಸಿ, ಗುಂಡಿ ಹಾಕಿಡಿ" ಎಂದು ಬಾಗಿಲಿನಿಂದಲೇ ಹೇಳಿದಳು.

"ಆಯ್ತು" ಎಂದು ಸಾಹೇಬರು ಸೂಜಿಗೆ ದಾರ ಪೋಣಿಸತೊಡಗಿದರು.